ಗುಂಡಿಯೊಳಗಿನ ಸಾಹೇಬರು

ದೇವರು ನನ್ನನ್ನು 165 ಸೆಂಟಿಮೀಟರಿಗೇ ನಿಲ್ಲಿಸಿಬಿಟ್ಟದ್ದು ಯಾಕೆ ಎಂಬುದು ಬಹಳ ಕಾಲ ನನಗೆ ಅರ್ಥವಾಗಿರಲಿಲ್ಲ. ಐದಡಿ ಐದಂಗುಲ. ಗಿಡ್ಡ ಅನ್ನುವ ಹಾಗಿಲ್ಲ, ಎತ್ತರ ಅಂದರೆ ಯಾರೂ ನಂಬುವುದಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೋದಲ್ಲೆಲ್ಲ ಹುಡುಗಿಯ ಸೋದರತ್ತೆಯರು ನನ್ನನ್ನು ಬಾಗಿಲಿನ ದಾರಂದದ ಪಕ್ಕದಲ್ಲಿ ಕಣ್ಣಿನಿಂದಲೇ ಅಳೆದು, "ಇನ್ನೊಂಚೂರು ಉಪ್ಪಿಟ್ಟು ಹಾಕಿಸಿಕೊಳ್ಳಿ" ಎಂದು ಮಾತು ಹೊರಳಿಸುತ್ತಿದ್ದರು. ಆ ಎತ್ತರಕ್ಕೊಂದು ಬೆಲೆ ಬಂದದ್ದು ನಾನು ಕೇಬಲ್ ಹಾಕಿಸುವ ಸೂಪರ್‌ವೈಸರ್ ಆದ ಮೇಲೆ. ನೆಲದಡಿ ಆಪ್ಟಿಕಲ್ ಫೈಬರ್ ಒಯ್ಯುವ ಟ್ರೆಂಚು ಎಷ್ಟು ಆಳವಿರಬೇಕೆಂದು ಟೆಂಡರಿನ ದಪ್ಪ ಪುಸ್ತಕದಲ್ಲಿ ಬರೆದಿದೆ ಗೊತ್ತೇ? 165 ಸೆಂಟಿಮೀಟರ್.

ಇದನ್ನು ಮೊದಲು ಕಂಡುಹಿಡಿದವನು ನಮ್ಮ ಮೇಸ್ತ್ರಿ. ರಾಯಚೂರು ಕಡೆಯವನು. ಗಂಡ, ಹೆಂಡತಿ, ಮೈದುನ, ಅತ್ತೆ, ಜೋಲಿಯಲ್ಲಿ ಮಲಗಿಸುವ ಕೂಸು, ಹೀಗೆ ಇಡೀ ವಂಶವನ್ನೇ ಲಾರಿಗೆ ಹತ್ತಿಸಿಕೊಂಡು ಸಾಗರ, ಹೊಸನಗರದ ಕಡೆಗೆ ಕೆಲಸಕ್ಕೆ ಬಂದಿದ್ದ. ಜೊತೆಗೆ ಜೋಳದ ಹಿಟ್ಟಿನ ಚೀಲಗಳು. ಮಲೆನಾಡಿನ ಅನ್ನ ತಿಂದರೆ ಗುದ್ದಲಿ ಎತ್ತಲಿಕ್ಕಾಗುವುದಿಲ್ಲ ಎಂಬುದು ಆ ಗ್ಯಾಂಗಿನ ಗಟ್ಟಿ ನಂಬಿಕೆ. ನಾನು ಆಳ ನೋಡಲು ಟೇಪು ಹಿಡಿದು ಹೋದರೆ ಅಳತೆ ಯಾವಾಗಲೂ ಸರಿಯಾಗಿರುತ್ತಿತ್ತು, ಅನುಮಾನ ಬರುವಷ್ಟು ಸರಿಯಾಗಿ. ಸಂಗತಿ ಇಷ್ಟೇ: ಅಗೆದ ಮಣ್ಣನ್ನು ಟ್ರೆಂಚಿನ ಅಂಚಿನಲ್ಲೇ ಒಟ್ಟಿ, ಮೇಲೆ ಸ್ವಲ್ಪ ತಟ್ಟಿ ಸಮ ಮಾಡಿ, ಟೇಪಿನ ತುದಿಯನ್ನು ಆ ರಾಶಿಯ ನೆತ್ತಿಯಲ್ಲಿ ಹಿಡಿಯುತ್ತಿದ್ದರು. ಒಂದಡಿ ಅಲ್ಲೇ ಲಾಭ. ನಾನು ರಾಶಿಯನ್ನು ಕಾಲಿನಿಂದ ಸರಿಸಿದಾಗ ಮೇಸ್ತ್ರಿಗೆ ಸಿಟ್ಟೇನೂ ಬರಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ: "ಸಾಹೇಬ್ರ, ಟೇಪ್ ಯಾಕ ಬೇಕ್ರಿ? ನೀವ ಇಳದ್ರ ಮುಗೀತು. ತಲಿ ಕಾಣಂಗಿಲ್ಲ ಅಂದ್ರ ಪಾಸು, ಕಂಡ್ರ ಫೇಲು."

ಅಂದಿನಿಂದ ನಾನೇ ಅಳತೆಗೋಲು. ಮೇಸ್ತ್ರಿ ನೆಲಕ್ಕೆ ಕೆನ್ನೆಯಾನಿಸಿ ನೋಡಿ, "ಇನ್ನ ನಾಕ ಬೆರಳ ಕೂದಲ ಕಾಣತೈತಿ" ಎಂದು ತೀರ್ಪು ಕೊಡುತ್ತಿದ್ದ. ನನ್ನ ತಲೆಯಲ್ಲಿ ಆಗ ಕೂದಲಿತ್ತು. ಈಗಿನ ಸ್ಥಿತಿಯಲ್ಲಾದರೆ ಅಳತೆ ಇನ್ನಷ್ಟು ಕರಾರುವಾಕ್ಕಾಗುತ್ತಿತ್ತು.

ಆಳದ ಗಲಾಟೆ ಒಂದಾದರೆ ನೆಲದ ಜಾತಿಯ ಗಲಾಟೆ ಇನ್ನೊಂದು. ಮಣ್ಣು ಅಗೆದರೆ ಮೀಟರಿಗೆ ಒಂದು ದರ, ಬಂಡೆ ಒಡೆದರೆ ಅದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಗುತ್ತಿಗೆದಾರನ ಕಣ್ಣಿಗೆ ಭೂಮಂಡಲವೆಲ್ಲ ಬಂಡೆ. ಬಿಲ್ ಪಾಸು ಮಾಡುವ ಎಂಜಿನಿಯರ ಕಣ್ಣಿಗೆ ಅದೇ ಜಾಗ ಹೂವಿನ ಕುಂಡದ ಮಣ್ಣು. ಮಲೆನಾಡಿನ ಜಂಬಿಟ್ಟಿಗೆಯಂತೂ ಈ ಜಗಳಕ್ಕೆಂದೇ ಸೃಷ್ಟಿಯಾದದ್ದು. ನೆಲದೊಳಗೆ ಹಸಿಯಾಗಿದ್ದಾಗ ಕೊಡಲಿಯಲ್ಲಿ ಕೆತ್ತುವಷ್ಟು ಮೆದು, ಮೇಲೆ ಬಂದು ಗಾಳಿ ಬಿಸಿಲು ಕಂಡರೆ ಮನೆಯ ಗೋಡೆ ಹೊರುವಷ್ಟು ಗಟ್ಟಿ. ಕಲ್ಲು ಎಂದವನೂ ಸುಳ್ಳನಲ್ಲ, ಮಣ್ಣು ಎಂದವನೂ ಸುಳ್ಳನಲ್ಲ. ವೇದಾಂತಿಗಳು ಹಗ್ಗವೋ ಹಾವೋ ಎಂದು ಅಷ್ಟೆಲ್ಲ ತಲೆ ಕೆಡಿಸಿಕೊಂಡರಲ್ಲ, ಅವರು ಅಳತೆಯ ಎಂ.ಬಿ. ಬುಕ್ಕು ಬರೆದವರಲ್ಲ. ನಿಜವಾದ ಬಂಡೆ ಸಿಕ್ಕಿ ಆಳಕ್ಕೆ ಹೋಗಲಿಕ್ಕೇ ಆಗದಿದ್ದರೆ ಕಬ್ಬಿಣದ ಪೈಪೋ ಕಾಂಕ್ರೀಟೋ ಹೊದಿಸಿ ಮೇಲೇ ಹಾಕಬಹುದು ಎಂಬ ವಿನಾಯಿತಿಯೂ ಪುಸ್ತಕದಲ್ಲುಂಟು. ವಿನಾಯಿತಿ ಇರುವ ಪುಟ ಮಾತ್ರ ಎಲ್ಲರಿಗೂ ಬಾಯಿಪಾಠ.

ಹೀಗೆ ಒಂದು ಮಧ್ಯಾಹ್ನ ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಅಳತೆಗೆ ಇಳಿದಿದ್ದೆ. ಪಾಸಾಯಿತು. ಪಾಸಾದ ಸಂತೋಷಕ್ಕೆ ಗ್ಯಾಂಗು ಚಹಾಕ್ಕೆಂದು ಹೊರಟುಹೋಯಿತು. ಟ್ರೆಂಚಿನ ಅಗಲ ಒಂದೂವರೆ ಅಡಿ, ತಳದಲ್ಲಿ ಇನ್ನೂ ಕಿರಿದು. ಇಳಿಯುವಾಗ ಭೂಮಿ ತಾನೇ ಎಳೆದುಕೊಳ್ಳುತ್ತದೆ, ಹತ್ತುವಾಗ ನಮ್ಮ ಉದರವೇ ನಮಗೆ ಎದುರಾಳಿ. ಮೊಣಕಾಲು ಮಡಚಲು ಜಾಗವಿಲ್ಲ, ಕೈಯೂರಿದರೆ ಅಂಚು ಕುಸಿಯುತ್ತದೆ. ಅಷ್ಟರಲ್ಲಿ ನನ್ನ ನೆತ್ತಿಯ ಮಟ್ಟಕ್ಕೆ ಎರಡು ಬರಿಗಾಲು, ಒಂದು ಊರುಗೋಲು ಬಂದು ನಿಂತವು. ಒಬ್ಬರು ಅಜ್ಜಿ.

"ತಮ್ಮಾ, ಬಿದ್ದದ್ದಾ, ನಿಂತದ್ದಾ?"

"ನಿಂತದ್ದು ಅಜ್ಜಿ. ಅಳತೆ ತೆಗೀತಿದ್ದೆ."

"ನೀರಿನ ಪೈಪಾ?"

"ಅಲ್ಲ ಅಜ್ಜಿ, ಇದರಲ್ಲಿ ಬೆಳಕು ಹೋಗ್ತದೆ."

"ಕರೆಂಟು ಅನ್ನಿ."

"ಕರೆಂಟಲ್ಲ, ಬರೀ ಬೆಳಕು."

"ಹಾಗಾದ್ರೆ ರಾತ್ರಿ ಕಾಣ್ತದಾ?"

"ಇಲ್ಲ. ಅದು ಕಣ್ಣಿಗೆ ಕಾಣೋ ಬೆಳಕಲ್ಲ."

ಊರುಗೋಲು ಒಂದು ಸಲ ನೆಲ ಕುಟ್ಟಿತು. "ಕಾಣದ ಬೆಳಕಿಗೆ ಇಷ್ಟುದ್ದ ಹೊಂಡ ತೆಗ್ದು, ಅದ್ರೊಳಗೆ ನೀವು ನಿಂತದ್ದು. ಮನೇಲಿ ಗೊತ್ತಿದ್ಯಾ?"

ಮನೆಯಲ್ಲಿ ಗೊತ್ತಿರಲಿಲ್ಲ. ಅಜ್ಜಿ ಮೊಮ್ಮಗನನ್ನು ಕೂಗಿ, ಅವನು ಅಡಿಕೆ ಕೊಯ್ಲಿನ ದೋಟಿ ಇಳಿಬಿಟ್ಟು, ನಾನು ಅದನ್ನು ಹಿಡಿದು, ಅಂಗಿಯ ಮೂರು ಗುಂಡಿಗಳನ್ನು ರಾಷ್ಟ್ರಸೇವೆಗೆ ಅರ್ಪಿಸಿ ಮೇಲೆ ಬಂದೆ. ಅಜ್ಜಿ ಮಜ್ಜಿಗೆ ಕೊಟ್ಟರು. ಕುಡಿಯುತ್ತ ಯೋಚಿಸಿದರೆ ಅವರು ಎತ್ತಿದ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮ ಕೇಬಲಿನಲ್ಲಿ ಗ್ರಾಮ ಪಂಚಾಯಿತಿಗೆ ಇಳಿದು ಬರುವ ಬೆಳಕು 1490 ನ್ಯಾನೊಮೀಟರಿನದು, ಅಲ್ಲಿಂದ ಮರಳುವುದು 1310ರದು. ನಮ್ಮ ಕಣ್ಣು 700ರ ಆಸುಪಾಸಿಗೇ ಅಂಗಡಿ ಮುಚ್ಚುತ್ತದೆ. ಕಾಣುವುದಿಲ್ಲ ಎಂದು ಉರಿಯುವ ಫೈಬರಿನ ತುದಿಯನ್ನು ಕಣ್ಣಿಗೆ ಹಿಡಿದರೆ ಕಣ್ಣಿಗೇ ಅಪಾಯ. ಇದನ್ನೂ ಹೇಳೋಣವೆಂದಿದ್ದೆ. ಮಜ್ಜಿಗೆಗೆ ಇಂಗಿನ ಒಗ್ಗರಣೆ ಬಿದ್ದಿತ್ತು, ಮಾತು ಮುಂದುವರಿಸಲಿಲ್ಲ.

ಇಷ್ಟೆಲ್ಲ ಅಗೆತ ಯಾವುದಕ್ಕೆಂದರೆ, 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವುದೆಂದು ತೀರ್ಮಾನಿಸಿ ಎರಡು ವರ್ಷದ ಗಡುವು ಹಾಕಿಕೊಂಡಿತು. ಆಮೇಲೆ ಅದೇ ಯೋಜನೆಗೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿ ಮುಗಿಯುವಾಗ 2017ರ ಡಿಸೆಂಬರ್. ಪೇಪರಿನವರು ವಿಳಂಬ ಎಂದು ಬರೆದರು. ನನಗೆ ತೋರುವುದು ಬೇರೆ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಗಡುವು ಹಾಕಿದವರು ಆ ವೇಗದಲ್ಲಿ ಲೆಕ್ಕ ಹಾಕಿರಬೇಕು. ಗುದ್ದಲಿಯದು ಬೇರೆ ಪಂಚಾಂಗ. ಅದರಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಮಲೆನಾಡಿನ ಮಳೆ, ಟ್ರೆಂಚು ತೆಗೆದರೆ ಅದು ಹಳ್ಳವಾಗಿ ಹರಿಯುತ್ತದೆ. ಯುಗಾದಿಗೆ ಗ್ಯಾಂಗು ಊರಿಗೆ ಹೋಗುತ್ತದೆ. ಜಾತ್ರೆಗೆ ಹೋಗುತ್ತದೆ. ಓಟಿಗೆ ಹೋಗುತ್ತದೆ. ಮುಂಗಡ ಕೊಟ್ಟು ಕಳಿಸಿದರೆ ತಡವಾಗಿ ಬರುತ್ತದೆ, ಕೊಡದೆ ಕಳಿಸಿದರೆ ಬೇರೆ ಗುತ್ತಿಗೆದಾರನ ಬಳಿ ಬರುತ್ತದೆ. ಇವೆಲ್ಲ ಆಗಿ ಆಳುಗಳೂ ಬಂದು ನಿಂತರೆ ಪರ್ಮಿಷನ್ ಬಂದಿರುವುದಿಲ್ಲ. ರಸ್ತೆಯ ಅಂಚು ಒಬ್ಬರದು, ಮರದ ಬೇರು ಒಬ್ಬರದು, ಮೋರಿ ಇನ್ನೊಬ್ಬರದು. ಅತ್ಯಂತ ತಡ ಮಾಡಿದ ಇಲಾಖೆ ಯಾವುದೆಂದು ಹೇಳುವುದಿಲ್ಲ. ನಮ್ಮದೊಂದು ಫೈಲು ಇನ್ನೂ ಅಲ್ಲೇ ಇದೆ.

ಇನ್ನು ಫೋಟೊ. ಕೆಲಸ ನಡೆದದ್ದಕ್ಕೆ ಸಾಕ್ಷಿಯಾಗಿ ಅಕ್ಷಾಂಶ ರೇಖಾಂಶ ನಮೂದಾದ ಫೋಟೊಗಳನ್ನು ಅಂದಂದೇ ಮೇಲಕ್ಕೆ ಕಳಿಸಬೇಕು. ಫೋಟೊದಲ್ಲಿ ಎಲ್ಲರೂ ಹೆಲ್ಮೆಟ್ಟು, ಹೊಳೆಯುವ ಜಾಕೆಟ್ಟು ಹಾಕಿರಬೇಕು. ನಮ್ಮ ಗ್ಯಾಂಗಿನಲ್ಲಿ ಹೆಲ್ಮೆಟ್ಟಿಗೆ ಬೇರೆ ಬೇರೆ ಉದ್ಯೋಗಗಳಿದ್ದವು. ಒಂದರಲ್ಲಿ ನಾಟಿ ಕೋಳಿಯ ಮೊಟ್ಟೆ, ಒಂದು ಕೂರುವ ಮಣೆ, ಒಂದು ಕೂಸಿನ ಆಟಿಕೆ. ನಾನು ಮೊಬೈಲು ಎತ್ತಿದೊಡನೆ ಮೊಟ್ಟೆಗಳು ಸೆರಗಿಗೆ ವರ್ಗವಾಗಿ ಹೆಲ್ಮೆಟ್ಟು ತಲೆಗೇರುತ್ತಿತ್ತು. ಇಷ್ಟಾಗಿ ಆ ಫೋಟೊ ಕಳಿಸಲು ಅಲ್ಲಿ ನೆಟ್‌ವರ್ಕ್ ಇರುತ್ತಿರಲಿಲ್ಲ. ಇದ್ದಿದ್ದರೆ ನಾವು ಯಾಕೆ ಅಗೆಯಬೇಕಿತ್ತು? ಇಂಟರ್ನೆಟ್ಟು ಹಾಕುತ್ತಿದ್ದೇವೆ ಎಂಬ ಫೋಟೊವನ್ನು ಇಂಟರ್ನೆಟ್ಟಿನಲ್ಲಿ ಕಳಿಸಲು ದಿನಾ ಸಂಜೆ ಬೈಕಿನಲ್ಲಿ ಗುಡ್ಡ ಹತ್ತುತ್ತಿದ್ದೆ. ಅಲ್ಲಿ ಮೇಸ್ತ್ರಿಯ ಹೆಂಡತಿಯೂ ಇರುತ್ತಿದ್ದಳು, ಊರಿನಲ್ಲಿ ಶಾಲೆಗೆ ಬಿಟ್ಟು ಬಂದ ದೊಡ್ಡ ಮಗಳಿಗೆ ಫೋನು ಮಾಡಲು. ನನ್ನ ಫೋಟೊ ಹೋಗುವುದರೊಳಗೆ ಅವಳ ಮಾತು ಮುಗಿದು, ಮಗಳ ಮಗ್ಗಿಯೂ ಒಪ್ಪಿಸಿಯಾಗಿರುತ್ತಿತ್ತು.

ಟ್ರೆಂಚಿನಲ್ಲಿ ಮೊದಲು ಮಲಗುವುದು ಕೇಬಲಲ್ಲ, ಪ್ಲಾಸ್ಟಿಕ್ ಡಕ್ಟು. 40 ಮಿಲಿಮೀಟರ್ ದಪ್ಪದ ಕೊಳವೆ, ಸುರುಳಿ ಸುರುಳಿಯಾಗಿ ಬರುತ್ತದೆ. ಮಣ್ಣು ಮುಚ್ಚಿದ ಮೇಲೆ ಅದರೊಳಗೆ ಕೇಬಲು ಹಾಯಿಸಬೇಕು. ಲಾಡಿ ಜಾರಿಹೋದ ಪೈಜಾಮಕ್ಕೆ ಪಿನ್ನು ಸಿಕ್ಕಿಸಿ ಲಾಡಿ ಏರಿಸಿದ ಅನುಭವ ನಿಮಗಿದ್ದರೆ ಈ ಕೆಲಸದ ಅರ್ಧ ತರಬೇತಿ ಆಗಿದೆ ಎಂದೇ ತಿಳಿಯಿರಿ: ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ, ಹಿಂದಕ್ಕೆಳೆದರೆ ಬಂದಷ್ಟೂ ಹೋಗುತ್ತದೆ, ಸೊಂಟದ ಆಚೆಯ ತುದಿ ಕಣ್ಣಿಗೆ ಬಿದ್ದಾಗ ಜನ್ಮ ಸಾರ್ಥಕ. ಪುಣ್ಯಕ್ಕೆ ಈಗ ಕಂಪ್ರೆಸರಿನ ಗಾಳಿಯಿಂದ ಕೇಬಲನ್ನು ಊದುತ್ತಾರೆ. ಡಕ್ಟಿಗೆ ಗಾಳಿ ಬಿಟ್ಟು, ಯಂತ್ರದ ಗಾಲಿಗಳು ಕೇಬಲನ್ನು ತಳ್ಳಿಕೊಟ್ಟರೆ ಅದು ಒಳಗೇ ತೇಲಿಕೊಂಡು ಒಂದೇ ಉಸಿರಿಗೆ ಕಿಲೋಮೀಟರು ದಾಟಿಬಿಡುತ್ತದೆ. ಆಚೆ ತುದಿಯಲ್ಲಿ ಮೊದಲು ಗಾಳಿ, ಆಮೇಲೆ ಒಂದಷ್ಟು ಕೆಸರು, ಒಮ್ಮೊಮ್ಮೆ ದಿಕ್ಕುಗೆಟ್ಟ ಕಪ್ಪೆ, ಕೊನೆಗೆ ಕೇಬಲಿನ ಮೂತಿ. ಇದನ್ನು ನೋಡಲು ಇಡೀ ಶಾಲೆ ಬಿಟ್ಟುಬಂದ ಊರುಗಳಿವೆ. ಮೇಷ್ಟ್ರು ಮುಂದಿನ ಸಾಲಿನಲ್ಲೇ ಇದ್ದರು.

ಗುದ್ದಲಿಯವರ ಸಂಸಾರ ಮುಂದೆ ಹೋದ ಮೇಲೆ ಬರುವವನು ಸ್ಪ್ಲೈಸಿಂಗ್ ಹುಡುಗ. ಅವನ ಗತ್ತೇ ಬೇರೆ. ಒಂದೊಂದು ಫೈಬರಿನ ಗಾಜು 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೆಯ ಒಂದು ಪಾಲು. ಬೆಳಕು ಹರಿಯುವ ಒಳತಿರುಳಂತೂ ಸುಮಾರು 9 ಮೈಕ್ರಾನ್. ಎರಡು ತುದಿಗಳನ್ನು ನೇರಕ್ಕೆ ಕತ್ತರಿಸಿ ಯಂತ್ರದಲ್ಲಿಟ್ಟರೆ ಅದು ಎರಡನ್ನೂ ಎದುರುಬದುರು ತಂದು, ಮಿಂಚು ಹೊಡೆಸಿ ಕರಗಿಸಿ ಒಂದು ಮಾಡುತ್ತದೆ. ಯಂತ್ರದ ಬೆಲೆ ಲಕ್ಷಗಳಲ್ಲಿ. ಆದ್ದರಿಂದ ಜೀಪಿನ ಮುಂದಿನ ಸೀಟು ಅದಕ್ಕೆ, ಹಿಂದಿನದು ನನಗೆ. ಬಿಸಿಲಿನಲ್ಲಿ ಕೊಡೆಯೂ ಅದಕ್ಕೇ, ಹಿಡಿಯುವ ಕೈ ಮಾತ್ರ ನನ್ನದು. ಫ್ಯಾನು ಹಾಕುವಂತಿಲ್ಲ, ದೂಳು ಹಾರುತ್ತದೆ. ಸೀನುವಂತಿಲ್ಲ. ಕತ್ತರಿಸಿ ಬಿದ್ದ ಗಾಜಿನ ಚೂರು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಹೊಕ್ಕರೆ ತೆಗೆಯಲಿಕ್ಕೆ ಬರುವುದಿಲ್ಲ, ಊಟದಲ್ಲಿ ಸೇರಿದರೆ ಕೇಳಬೇಡಿ. ಅದಕ್ಕೆ ಚೂರುಗಳನ್ನು ಲೆಕ್ಕ ಇಟ್ಟು ಮುಚ್ಚಳದ ಬಾಟಲಿಗೆ ಹಾಕುತ್ತಾನೆ. ಗ್ಯಾಂಗಿನ ಲೆಕ್ಕವನ್ನು ನಾನು ಅಷ್ಟು ಶ್ರದ್ಧೆಯಿಂದ ಇಟ್ಟದ್ದಿಲ್ಲ.

ಬೆಸುಗೆಗೆ ಮುಂಚೆ ಬಣ್ಣ. ಕೇಬಲಿನೊಳಗಿನ ಒಂದೊಂದು ಕೊಳವೆಗೆ ಹನ್ನೆರಡು ಫೈಬರ್, ಹನ್ನೆರಡು ಬಣ್ಣ: ನೀಲಿ, ಕಿತ್ತಳೆ, ಹಸಿರು, ಕಂದು, ಸ್ಲೇಟು, ಬಿಳಿ, ಕೆಂಪು, ಕಪ್ಪು, ಹಳದಿ, ನೇರಳೆ, ಗುಲಾಬಿ, ಅಕ್ವಾ. ಇದೇ ಕ್ರಮ, ಕಲಸಿದರೆ ಒಂದೂರಿನ ಪಂಚಾಯಿತಿ ಇನ್ನೊಂದೂರಿಗೆ ಕೂಡಿಕೊಳ್ಳುತ್ತದೆ. ಹುಡುಗ ಇದನ್ನು ರಾಗವಾಗಿ ಹೇಳಿಕೊಳ್ಳುತ್ತಿದ್ದ, ನನಗೂ ಅಂಟಿತು. ಗೌರಿಹಬ್ಬಕ್ಕೆ ಸೀರೆ ಅಂಗಡಿಯಲ್ಲಿ ಹೆಂಡತಿ ಒಂದನ್ನು ಹೆಗಲಿಗೆ ಹಾಕಿಕೊಂಡು "ಈ ಬಣ್ಣ ಹೇಗಿದೆ?" ಎಂದಳು. "ಐದನೇ ಫೈಬರು" ಎಂದೆ. ಅಂಗಡಿಯವನು ಹತ್ತಿಯದೇ ಅಮ್ಮಾ, ಫೈಬರ್ ಅಲ್ಲ ಎಂದು ಆಣೆ ಮಾಡತೊಡಗಿದ.

ಗಾಜಿನ ವಿಚಾರದಲ್ಲಿ ಮಾತ್ರ ನನಗೆ ಹಾಸ್ಯ ಹೊಳೆಯುವುದಿಲ್ಲ, ಬೆರಗೇ. ನಮ್ಮ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ 1954ರಲ್ಲಿ ಲಂಡನ್ನಿನಲ್ಲಿದ್ದಾಗ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಿ ತೋರಿಸಿದರು. ಆದರೆ ಆ ಕಾಲದ ಗಾಜು ಎಷ್ಟು ಕೊಳಕಾಗಿತ್ತೆಂದರೆ ಬೆಳಕು ಕೆಲವು ಮೀಟರು ನಡೆದು ಸುಸ್ತಾಗುತ್ತಿತ್ತು. ತಪ್ಪು ಗಾಜಿನದಲ್ಲ, ಅದರೊಳಗಿನ ಕಲ್ಮಶದ್ದು, ತೊಳೆದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ ಎಂದು 1966ರಲ್ಲಿ ಲೆಕ್ಕ ಹಾಕಿ ಹೇಳಿದವರು ಚಾರ್ಲ್ಸ್ ಕಾವ್. ಅವರಿಗೆ 2009ರಲ್ಲಿ ನೊಬೆಲ್ ಬಂತು, ಕಪಾನಿಯವರಿಗೆ ಬರಲಿಲ್ಲ. ಈಗಿನ ಫೈಬರಿನಲ್ಲಿ 15 ಕಿಲೋಮೀಟರ್ ಓಡಿದ ಮೇಲೂ ಅರ್ಧದಷ್ಟು ಬೆಳಕು ಉಳಿದಿರುತ್ತದೆ. ನಮ್ಮ ಬಾಡಿಗೆ ಮನೆಯ ಬಚ್ಚಲ ಕಿಟಕಿಯ ಗಾಜು ಬರೀ ನಾಲ್ಕು ಮಿಲಿಮೀಟರು, ಆಚೆ ಹಗಲೋ ರಾತ್ರಿಯೋ ತಿಳಿಯದು.

ಕೇಬಲು ಕಡಿದುಹೋದರೆ ಎಲ್ಲಿ ಎಂದು ಹೇಳಲು ಒಟಿಡಿಆರ್ ಎಂಬ ಪೆಟ್ಟಿಗೆಯಿದೆ. ಒಂದು ತುದಿಯಿಂದ ಬೆಳಕಿನ ಮಿಣುಕು ಕಳಿಸಿ, ದಾರಿಯುದ್ದಕ್ಕೂ ಗಾಜು ಚದುರಿಸಿ ಹಿಂದಕ್ಕಟ್ಟುವ ಚೂರುಪಾರು ಬೆಳಕನ್ನು ಎಣಿಸಿ, ಇಷ್ಟು ದೂರದಲ್ಲಿ ಕಟ್ ಎಂದು ತೋರಿಸುತ್ತದೆ. ಆಕಾಶ ನೀಲಿಯಾಗಿ ಕಾಣುವುದೂ ಇದೇ ಜಾತಿಯ ಚದುರಿಕೆಯಿಂದ. 1921ರಲ್ಲಿ ಹಡಗಿನ ಮೇಲೆ ನಿಂತು ಕಡಲು ಯಾಕೆ ನೀಲಿ ಎಂದು ಯೋಚಿಸಿದ ಸಿ.ವಿ. ರಾಮನ್ ಮುಂದೆ ಕಂಡುಹಿಡಿದದ್ದು ಅದರ ದಾಯಾದಿಯನ್ನು. ಆ ರಾಮನ್ ಪರಿಣಾಮ ಇಂದು ದೂರದೂರದ ಫೈಬರುಗಳಲ್ಲಿ ಸೊರಗಿದ ಬೆಳಕಿಗೆ ಮತ್ತೆ ಕಸುವು ತುಂಬುವ ಕೆಲಸ ಮಾಡುತ್ತಿದೆ. ಬೆಂಗಳೂರಿನಲ್ಲೇ ಬಾಳಿ ಮುಗಿಸಿದ ರಾಮನ್ ಈಗಿದ್ದು, ತಮ್ಮ ಬೆಳಕು ಹೊತ್ತ ಕರಿ ಕೇಬಲುಗಳು ಆ ಊರಿನ ಮರಗಳಿಂದ ಗೊಂಚಲು ಗೊಂಚಲಾಗಿ ನೇತಾಡುವುದನ್ನು ನೋಡಿದ್ದರೆ ಏನೆನ್ನುತ್ತಿದ್ದರೋ. ಮಾತು ಖಾರ ಇರುತ್ತಿತ್ತು.

ಪೆಟ್ಟಿಗೆಯ ಮಾತಿಗೆ ಬರೋಣ. 4,312 ಮೀಟರಿನಲ್ಲಿ ಕಟ್ ಎಂದು ಅದು ಹೇಳುತ್ತದೆ. ಅದು ಕೇಬಲಿನ ಉದ್ದ, ರಸ್ತೆಯ ಉದ್ದವಲ್ಲ. ನಡುನಡುವೆ ಚೇಂಬರುಗಳಲ್ಲಿ ಮುಂದಿನ ಕಷ್ಟಕಾಲಕ್ಕೆಂದು ಕೇಬಲಿನ ಸುರುಳಿ ಬಿಟ್ಟಿರುತ್ತೇವೆ, ಅದನ್ನು ಕಳೆಯಬೇಕು. ಎಲ್ಲಿ ಎಷ್ಟು ಬಿಟ್ಟೆವೆಂಬುದು ನಕ್ಷೆಯಲ್ಲಿ ಒಂದು, ನೆಲದಲ್ಲಿ ಇನ್ನೊಂದು. ನಾವು ಕಳೆದು ಕೂಡಿ ಬೆವರುತ್ತಿದ್ದರೆ ಮೇಸ್ತ್ರಿ ಬೀಡಿ ಹಚ್ಚಿ, "ಮುಂದಿನ ಮೋರಿ ಹತ್ರ ಜೆಸಿಬಿ ನಿಂತೈತ್ರಿ, ಅಲ್ಲೇ ನೋಡ್ರಿ" ಎನ್ನುತ್ತಿದ್ದ. ಅಲ್ಲೇ ಇರುತ್ತಿತ್ತು. ಒಟಿಡಿಆರಿನ ಬೆಲೆಯೂ ಲಕ್ಷಗಳಲ್ಲಿ. ಬೀಡಿಯದು ಗೊತ್ತಲ್ಲ.

ಫೈಬರಿನ ಶತ್ರುಗಳ ಪುರಾಣ ದೊಡ್ಡದು. ಹೆಗ್ಗಣ, ಅಳಿಲು, ಬೇಲಿ ಹಾಕುವವರ ಹಾರೆ. ಕಾಶಿಯಲ್ಲಿ ಗಂಗೆಯ ದಂಡೆಯುದ್ದಕ್ಕೂ ಎಳೆದ ಕೇಬಲನ್ನು ಮಂಗಗಳು ತಿಂದು ಹಾಕುತ್ತಿವೆಯೆಂದು 2015ರಲ್ಲಿ ಸುದ್ದಿಯಾಗಿತ್ತು, ದೇವಸ್ಥಾನದ ಮಂಗಗಳಾದ್ದರಿಂದ ಕೈ ಮುಗಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ಎಲ್ಲರನ್ನೂ ಮೀರಿಸಿದವಳು ಜಾರ್ಜಿಯಾ ದೇಶದ 75 ವರ್ಷದ ಒಬ್ಬ ಮುದುಕಿ. 2011ರಲ್ಲಿ ಮಾರಲಿಕ್ಕೆ ತಾಮ್ರ ಸಿಗುತ್ತದೇನೋ ಎಂದು ನೆಲ ಕೆದಕುತ್ತ ಫೈಬರೊಂದನ್ನು ಕಡಿದಳು, ಪಕ್ಕದ ಆರ್ಮೇನಿಯಾ ದೇಶಕ್ಕೆ ದೇಶವೇ ಗಂಟೆಗಟ್ಟಲೆ ಇಂಟರ್ನೆಟ್ಟಿಲ್ಲದೆ ಕೂತಿತು. ಹಿಡಿದು ಕೇಳಿದರೆ ಇಂಟರ್ನೆಟ್ಟೆಂದರೆ ಏನೆಂದೇ ಗೊತ್ತಿಲ್ಲ ಅಂದಳಂತೆ. ಅವಳ ಗುದ್ದಲಿಯ ಕಸುವಿಗೆ ನಮ್ಮ ಗ್ಯಾಂಗಿನಲ್ಲಿ ಒಳ್ಳೆಯ ಕೂಲಿಯೇ ಸಿಗುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಈಗ ಮನೆ ಮನೆಗೂ ನಲ್ಲಿ ನೀರು ಕೊಡುವ ಕೆಲಸ. ಒಳ್ಳೆಯ ಕೆಲಸ, ಬೇಡವೆನ್ನಲು ಯಾವ ಬಾಯಿ? ಆದರೆ ನೀರಿನ ಪೈಪೂ ಅದೇ ರಸ್ತೆಯ ಅದೇ ಅಂಚಿನಲ್ಲೇ ಹೋಗಬೇಕು. ಅಗೆಯುವ ಮುಂಚೆ ಕೆಳಗಿರುವ ಕೇಬಲಿನವರಿಗೆ ತಿಳಿಸಲೆಂದು 2023ರ ಮಾರ್ಚಿನಲ್ಲಿ ಸರ್ಕಾರ ಒಂದು ಆ್ಯಪನ್ನೇ ತಂದಿದೆ. ಜೆಸಿಬಿ ಡ್ರೈವರುಗಳು ಮೊಬೈಲಿನಲ್ಲಿ ಹಾಡು ಹಾಕಿಕೊಂಡಿರುತ್ತಾರೆ, ಆ್ಯಪಿಗೆ ಜಾಗವೆಲ್ಲಿ?

ಮೊನ್ನೆ ಮೇಸ್ತ್ರಿಯ ಫೋನು ಬಂತು. ಈಗ ನೀರಿನ ಪೈಪಿನ ಗುತ್ತಿಗೆಯವರ ಜೊತೆಗಿದ್ದಾನೆ, ಹೊಸನಗರದ ಕಡೆಗೇ ಬಂದಿದ್ದಾನೆ, ಅದೇ ರಸ್ತೆಯಂತೆ. ಕುಶಲ ಕೇಳಿದ. ಮಗಳು ಪಿಯುಸಿಯಂತೆ. ಆಮೇಲೆ ಸಂಕೋಚದಿಂದ ದನಿ ತಗ್ಗಿಸಿದ. "ಸಾಹೇಬ್ರ, ನಿಮ್ಮ ಕೇಬಲ್ ಎಲ್ಲೈತಿ ಅಂತ ನನಗ ಗೊತ್ತೈತ್ರಿ, ನಾನ ಹಾಕೀನಿ. ಈ ಜೆಸಿಬಿ ಹುಡುಗಗ ಎಷ್ಟ ಹೇಳಿದ್ರೂ ತಲಿಗೆ ಹೋಗವಲ್ದು. ಹಲಸಿನ ಗಿಡದ ಹತ್ರ ನಾಳೆ ಕಟ್ ಆಗೂದು ಖರೇನ. ಸ್ಪ್ಲೈಸಿಂಗ್ ಹುಡುಗನ್ನ ಕಳಿಸಿಬಿಡ್ರಿ."

ಸ್ಪ್ಲೈಸಿಂಗ್ ಹುಡುಗನಿಗೆ ಫೋನು ಹಚ್ಚಿ ವಿಷಯ ಹೇಳಿದೆ. ಅವನು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಎಷ್ಟು ಗಂಟೆಗೆ ಕಡೀತಾರಂತೆ ಸಾರ್? ಹತ್ತರ ಬಸ್ಸಿಗೆ ಬಂದ್ರೆ ಆಗುತ್ತಾ?" ಎಂದ.